ಕ್ಯಾರಮೆಲ್ ಕೇಕು ಮತ್ತು ಒಂದು ಬಾಕಿ ಮಾತು

ಭಾನುವಾರ ಸಂಜೆ ಆರು ಗಂಟೆ. ನನ್ನ ಬಾಡಿಗೆ ಮನೆಯ ಅಡುಗೆಮನೆ ತುಂಬಾ ಸುಟ್ಟ ವಾಸನೆ. ಒಂದು ಕಪ್ ಸಕ್ಕರೆ ಪಾತ್ರೆಯ ತಳದಲ್ಲಿ ಕಪ್ಪಗೆ ಕಲ್ಲಾಗಿ ಕೂತಿತ್ತು. ಫೋನ್ ಸ್ಪೀಕರ್‌ನಲ್ಲಿ ಅಮ್ಮ ನಗ್ತಾ ಇದ್ರು. "ಸಕ್ಕರೆ ಸೀದ್ರೆ ನಾವು ಪಾತ್ರೆ ನೆನೆಹಾಕ್ತೀವಿ. ನೀವು ಅದಕ್ಕೊಂದು ಹೆಸರಿಟ್ಟು ಕೇಕ್ ಮೇಲೆ ಸುರೀತೀರಲ್ಲೋ!"

ಕೇಕ್ ಮಾಡೋಕೆ ಕಾರಣ ಇತ್ತು. ಹಿಂದಿನ ವಾರ ರಿಲೀಸ್ ಆದ ರಾತ್ರಿ ನಮ್ಮ ಪೇಮೆಂಟ್ ಪೇಜ್ ಕೈಕೊಟ್ಟಿತ್ತು. ಕಾಲ್‌ನಲ್ಲಿ ಹನ್ನೆರಡು ಜನ. ಅವತ್ತು ಕೊನೆಗೆ ಕೋಡ್ ಸೇರಿಸಿದ್ದು ಟೀಮಿಗೆ ಹೊಸದಾಗಿ ಬಂದ ಹುಡುಗಿ. "ಟೆಸ್ಟ್ ಮಾಡದೆ ಹೇಗೆ ಮರ್ಜ್ ಮಾಡಿದ್ರಿ?" ಅಂತ ಎಲ್ಲರೆದುರು ಕೇಳಿಬಿಟ್ಟೆ. ಆಕೆ ಏನೋ ಹೇಳೋಕೆ ಹೋಗಿ ಮ್ಯೂಟ್ ಆದ್ರು.

ಬೆಳಿಗ್ಗೆ ಲಾಗ್ ನೋಡಿದಾಗ ಗೊತ್ತಾಯ್ತು. ಟೈಮ್‌ಔಟ್ 30 ಸೆಕೆಂಡ್ ಇರಬೇಕಾದ ಕಡೆ 3 ಅಂತ ಇತ್ತು. ಸೊನ್ನೆ ಬಿಟ್ಟಿದ್ದು ನಾನೇ. ಸರಿ ಮಾಡಿದೆ. ಗ್ರೂಪಿನಲ್ಲಿ "ಒಂದು ಕಾನ್ಫಿಗ್ ಬದಲಾಗಿತ್ತು, ಈಗ ಸರಿಯಾಗಿದೆ" ಅಂತ ಬರೆದೆ. ಗಮನಿಸಿ, "ಬದಲಾಯಿಸಿದ್ದೆ" ಅಲ್ಲ, "ಬದಲಾಗಿತ್ತು". ತಾನಾಗೇ ಬದಲಾದ ಹಾಗೆ!

ಆಮೇಲೆ ಆಕೆ ಸ್ಟ್ಯಾಂಡ್‌ಅಪ್‌ನಲ್ಲಿ ಎರಡೇ ವಾಕ್ಯ ಮಾತಾಡೋಕೆ ಶುರು ಮಾಡಿದ್ರು. ಒಂದು ಚಿಕ್ಕ ಬದಲಾವಣೆಗೂ ಮೂರು ಜನರ ರಿವ್ಯೂ ಕೇಳೋರು. ಇದೆಲ್ಲ ನೋಡಿ ನನ್ನ ತಲೆಗೆ ಹೊಳೆದ ಪರಿಹಾರ ಕೇಕ್. ಸೋಮವಾರ ಟೀಮಿಗೆಲ್ಲ ತಗೊಂಡು ಹೋದ್ರೆ ವಾತಾವರಣ ತಿಳಿಯಾಗುತ್ತೆ ಅಂದ್ಕೊಂಡೆ.

ಈಗ ಅಡುಗೆಮನೆಗೆ ಬನ್ನಿ. ಒಂದೆಳೆ ಪಾಕ 100 ಡಿಗ್ರಿ ದಾಟಿದ ಸ್ವಲ್ಪ ಹೊತ್ತಿಗೇ ಬರುತ್ತೆ. ಕ್ಯಾರಮೆಲ್ ಆಗೋಕೆ ಸಕ್ಕರೆ ಸುಮಾರು 160ರಿಂದ 170 ಡಿಗ್ರಿ ಮುಟ್ಟಬೇಕು. ಅಲ್ಲಿಂದ ಕಹಿಗೆ ದೂರ ಇಲ್ಲ. ಮೊದಲ ಸಲ ನಾನು ಅದೇ ಹೊತ್ತಲ್ಲಿ ಮೆಸೇಜ್ ನೋಡ್ತಾ ನಿಂತಿದ್ದೆ. ಅಮ್ಮ ಹೇಳೋದು ಒಂದೇ ನಿಯಮ: ಪಾಕದ ಮುಂದೆ ನಿಂತವರು ಬೇರೆ ಕಡೆ ನೋಡಬಾರದು.

ಎರಡನೇ ಸಲ ದಪ್ಪ ತಳದ, ಆಳವಾದ ಪಾತ್ರೆ ತಗೊಂಡೆ. ಒಂದು ಕಪ್ ಸಕ್ಕರೆಗೆ ಕಾಲು ಕಪ್ ನೀರು. ಸಕ್ಕರೆ ಕರಗಿದ ಮೇಲೆ ಸೌಟು ಹಾಕಬೇಡಿ, ಮತ್ತೆ ಹರಳುಗಟ್ಟುತ್ತೆ. ಪಾತ್ರೆಯನ್ನೇ ಮೆಲ್ಲಗೆ ಅಲ್ಲಾಡಿಸಿ. ಗಟ್ಟಿ ಜೇನಿನ ಬಣ್ಣ ಬಂದ ಕೂಡಲೇ ಒಲೆ ಆರಿಸಿ, 60 ಗ್ರಾಂ ಬೆಣ್ಣೆ ಹಾಕಿ. ಆಮೇಲೆ ಫ್ರಿಜ್ಜಿನಿಂದ ಮೊದಲೇ ತೆಗೆದಿಟ್ಟ ಅರ್ಧ ಕಪ್ ಕ್ರೀಮ್, ನಿಧಾನಕ್ಕೆ. ಭುಸ್ ಅಂತ ಉಕ್ಕುತ್ತೆ, ಮುಖ ದೂರ ಇರಲಿ. ಕೊನೆಗೆ ಚಿಟಿಕೆ ಉಪ್ಪು.

ಆಫೀಸಲ್ಲಿ ಮೊಟ್ಟೆ ತಿನ್ನದವರೂ ಇದ್ದಾರೆ. ಹಾಗಾಗಿ ಮೊಸರಿನ ಕೇಕ್. ಒಂದು ಕಪ್ ಮೊಸರು, ಮುಕ್ಕಾಲು ಕಪ್ ಸಕ್ಕರೆ ಕಲಸಿ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಐದು ನಿಮಿಷ ಬಿಡಿ, ನೊರೆ ಬರುತ್ತೆ. ಅರ್ಧ ಕಪ್ ಎಣ್ಣೆ, ಒಂದೂವರೆ ಕಪ್ ಮೈದಾ, ಒಂದು ಟೀ ಚಮಚ ಚಕ್ಕೆ ಪುಡಿ. ಎರಡು ಸೇಬು ಸಣ್ಣಗೆ ಹೆಚ್ಚಿ, ಕಪ್ಪಾಗದ ಹಾಗೆ ನಿಂಬೆರಸ ಹಿಂಡಿ, ಮೈದಾದಲ್ಲಿ ಹೊರಳಿಸಿ ಸೇರಿಸಿ. ಹುಳಿ ಇರೋ ಹಸಿರು ಸೇಬಾದ್ರೆ ಬೆಂದ ಮೇಲೂ ತುಂಡು ತುಂಡಾಗೇ ಸಿಗುತ್ತೆ. ಮೊದಲೇ ಬಿಸಿ ಮಾಡಿದ ಓಟಿಜಿಯಲ್ಲಿ 180 ಡಿಗ್ರಿಗೆ 40-45 ನಿಮಿಷ. ಆರಿದ ಮೇಲೆ ಕ್ಯಾರಮೆಲ್ ಸುರಿಯೋದು.

ಕೇಕ್ ಬೇಯ್ತಿರೋವಾಗ ಅಮ್ಮಂಗೆ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. "ಬೈದಿದ್ದು ಎಲ್ಲರ ಮುಂದೆ ಅಲ್ವೇನೋ?"

"ಹೂಂ."

"ಮತ್ತೆ ಕೇಕ್ ಕೊಟ್ಟು ಸುಮ್ಮನೆ ಬರ್ತೀಯಾ? ತಿಂದವರ ಬಾಯಿ ಸಿಹಿ ಆಗುತ್ತೆ ಅಷ್ಟೇ."

ಸೋಮವಾರ ಸ್ಟೀಲ್ ಡಬ್ಬಿ ತೊಡೆ ಮೇಲಿಟ್ಟುಕೊಂಡು ಮೆಟ್ರೋದಲ್ಲಿ ಹೋದೆ. ನಾಲ್ಕು ಗಂಟೆಗೆ ಪ್ಯಾಂಟ್ರಿಯಲ್ಲಿ ಎಲ್ಲರೂ ಸೇರಿದ್ರು, ಆಕೆ ಹಿಂದೆ ನಿಂತಿದ್ರು. ಚಾಕು ಕೈಯಲ್ಲಿತ್ತು. ಮೊದಲು ಕತ್ತರಿಸಿಬಿಡೋಣ, ಆಮೇಲೆ ಹೇಳೋಣ ಅನ್ನಿಸ್ತು. ಆಮೇಲೆ ಹೇಳಲ್ಲ ಅಂತಾನೂ ನನಗೆ ಗೊತ್ತಿತ್ತು. ಚಾಕು ಕೆಳಗಿಟ್ಟೆ.

"ಅವತ್ತು ರಾತ್ರಿ ಟೈಮ್‌ಔಟ್ ತಪ್ಪಾಗಿ ಹಾಕಿದ್ದು ನಾನು. ಬೈದಿದ್ದು ಇವರಿಗೆ. ಆಮೇಲೆ ಗೊತ್ತಾದ್ರೂ ಹೇಳಲಿಲ್ಲ. ಅದು ನನ್ನ ತಪ್ಪು, ಕ್ಷಮಿಸಿ."

ಯಾರೂ ಮಾತಾಡಲಿಲ್ಲ. ಆಕೆ ನನ್ನನ್ನ ನೋಡಿ, "ಗೊತ್ತಿತ್ತು. ಅವತ್ತೇ ಲಾಗ್ ನೋಡಿದ್ದೆ," ಅಂದ್ರು.

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರೇನೋ ಅಂತ ಕಾದೆ."

ನಾನು ಸಕ್ಕರೆ ಸುಟ್ಟಿದ್ದಕ್ಕಿಂತ ಇದು ಜಾಸ್ತಿ ಚುರ್ ಅಂತು. ಯಾರೋ "ಕೇಕ್ ಕಟ್ ಮಾಡ್ರಪ್ಪಾ" ಅಂದ್ರು. ಹತ್ತು ನಿಮಿಷದಲ್ಲಿ ಡಬ್ಬಿ ಖಾಲಿ. ಆಕೆ ಒಂದು ತುಂಡು ತಿಂದು, ಪಿಜಿಯ ರೂಮ್‌ಮೇಟ್‌ಗೆ ಅಂತ ಇನ್ನೊಂದನ್ನ ಟಿಶ್ಯೂನಲ್ಲಿ ಸುತ್ತಿಕೊಂಡ್ರು. ನಮ್ಮಿಬ್ಬರ ನಡುವೆ ಎಲ್ಲ ಸರಿಹೋಯ್ತು ಅಂತ ನಾನು ಬರೆಯಲ್ಲ. ಆದ್ರೆ ಮರುದಿನ ನನ್ನ ಕೋಡ್ ರಿವ್ಯೂಗೆ ಆಕೆಯಿಂದ ನಾಲ್ಕು ಕಾಮೆಂಟ್ ಬಂದವು. ನಾಲ್ಕೂ ಸರಿಯಾಗಿದ್ದವು.

ಗ್ರೂಪಿನಲ್ಲಿದ್ದ ನನ್ನ ಹಳೇ ಮೆಸೇಜನ್ನೂ ಎಡಿಟ್ ಮಾಡಿದೆ. ಈಗ ಅಲ್ಲಿ "ನಾನು ಬದಲಾಯಿಸಿದ್ದೆ" ಅಂತಿದೆ.

ನೀವೂ ಈ ಕೇಕ್ ಮಾಡಿ ನೋಡಿ. ಆಫೀಸಿಗೆ ತಗೊಂಡು ಹೋಗೋದಾದ್ರೆ ಕ್ಯಾರಮೆಲ್ ಬೇರೆ ಡಬ್ಬಿಯಲ್ಲಿರಲಿ, ಅಲ್ಲೇ ಸುರೀರಿ. ಮತ್ತೆ ಯಾರಿಗಾದ್ರೂ ಹೇಳಬೇಕಾದ ಮಾತು ಬಾಕಿ ಇದ್ರೆ, ಕತ್ತರಿಸೋಕೆ ಮುಂಚೆ ಹೇಳಿ.