ಗೇಟು ಬೀಳುವ ಮೊದಲು ಅಂಕಿ ಕಾಣಲಿ

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ಆಟಿಕೆ ರೈಲು, ಆರ್ಡುಯಿನೊ ಬೋರ್ಡು ಮತ್ತು ಹಳಿಯ ಪಕ್ಕ ಇಡಲು ಇನ್‌ಫ್ರಾರೆಡ್ ಸೆನ್ಸರ್ ಒಯ್ದಿದ್ದೆ. ರೈಲು ಕಂಡರೆ ಗೇಟು ಬೀಳಬೇಕು, ದಾಟಿದರೆ ಏಳಬೇಕು. ಎಂಜಿನ್ ಬಂತು, ಗೇಟು ಬಿತ್ತು. ಬೋಗಿಗಳು ದಾಟುತ್ತಿರುವಾಗಲೇ ಎದ್ದುಬಿಟ್ಟಿತು. ತರಗತಿಯೆಲ್ಲ ನಕ್ಕಿತು. ಉಪಕರಣವನ್ನು ಮೊದಲೇ ಪರೀಕ್ಷಿಸಬೇಕಿತ್ತೆಂದು ವೀಕ್ಷಣಾ ಪುಸ್ತಕದಲ್ಲಿ ಬಂತು. ಒಪ್ಪುತ್ತೇನೆ.

ಆದರೆ ಪಾಠ ಶುರುವಾದದ್ದೇ ಆಮೇಲೆ. ಸೆನ್ಸರ್ ಕಳಿಸುವ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. 0ಯಿಂದ 1023ರವರೆಗಿನ ಅಳತೆ. ರೈಲನ್ನು ಕೈಯಲ್ಲೇ ನಿಧಾನವಾಗಿ ತಳ್ಳಿದೆವು. "ಸರ್, ಬೋಗಿ ಮಧ್ಯ ಸಂದಿ ಬಂದ್ರೆ ರೈಲು ಹೋಯ್ತು ಅಂದ್ಕೊಳ್ತಿದೆ" ಎಂದಳು ಹಿಂದಿನ ಬೆಂಚಿನ ಹುಡುಗಿ. ಎರಡು ಸೆಕೆಂಡು ಸತತವಾಗಿ ಏನೂ ಕಾಣದಿದ್ದರೆ ಮಾತ್ರ ಗೇಟು ಏಳುವಂತೆ ಪ್ರೋಗ್ರಾಂ ತಿದ್ದಿದೆವು. ಸರಿಹೋಯಿತು. ಸಂದಿ ಸೆನ್ಸರ್ ಎದುರಿಗೇ ಬಂದು ರೈಲು ನಿಂತರೆ? ಮತ್ತೆ ಏಳುತ್ತದೆ! ನಿಜವಾದ ರೈಲ್ವೆಯ ಆಕ್ಸಲ್ ಕೌಂಟರ್ ಒಳಬಂದ ಅಚ್ಚುಗಳನ್ನೂ ಹೊರಹೋದವನ್ನೂ ಎಣಿಸಿ, ಸಮವಾದರಷ್ಟೇ ಹಳಿ ಖಾಲಿ ಎನ್ನುತ್ತದೆ. ಯಾಕೆಂದು ನಾನು ವಿವರಿಸಬೇಕಾಗಲಿಲ್ಲ.

ಮಾದರಿ ಮೊದಲ ಸಲಕ್ಕೇ ಕೆಲಸ ಮಾಡಿದ್ದರೆ ಚಪ್ಪಾಳೆ ಬೀಳುತ್ತಿತ್ತು, ಅಷ್ಟೇ. ನಮ್ಮ ಪಾಠಯೋಜನೆಗಳು ಬಯಸುವುದೂ ಅದನ್ನೇ ಎನಿಸುತ್ತದೆ. ಮುಂದಿನ ಸಲ ಅಂಕಿಗಳನ್ನು ಮೊದಲು ತೋರಿಸಿ, ಗೇಟನ್ನು ಆಮೇಲೆ ಜೋಡಿಸುತ್ತೇನೆ. ಅದಕ್ಕೆ ಹತ್ತು ನಿಮಿಷ ಹೆಚ್ಚು ಬೇಕು. ಮಾರ್ಗದರ್ಶಕರು ಅಷ್ಟು ಬಿಟ್ಟುಕೊಡಲಿ.