ಹೊಲದ ಹಕ್ಕಿ, ಕೈಯೊಳಗಿನ ಕ್ಯಾಮೆರಾ

ಚಿಕ್ಕೇರೂರು ಕಡೆಯ ವಾಚಕರೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಮುಂಗಾರಿಗೆ ಮುಂಚೆ ಉತ್ತು ಬಿಟ್ಟಿದ್ದ ಅವರ ಹೊಲದಲ್ಲಿ ಟಿಟ್ಟಿಭ ಹಕ್ಕಿ ಬರಿ ನೆಲದ ಮೇಲೆ ನಾಲ್ಕು ಮೊಟ್ಟೆ ಇಟ್ಟಿತ್ತು. ಕುಂಟೆ ಹೊಡೆಯುವಾಗ ಅವರು ಅಷ್ಟು ಜಾಗ ಬಿಟ್ಟು ಹೊಡೆದರು. ಆದರೆ ಊರ ಹುಡುಗರು ಮೊಬೈಲು ಹಿಡಿದು ಮೂರು ದಿನ ನಡುಮಧ್ಯಾಹ್ನ ಅಲ್ಲಿಯೇ ಕುಳಿತರು. ನಾಲ್ಕನೆಯ ದಿನ ಹಕ್ಕಿ ಮರಳಲಿಲ್ಲ. "ಎತ್ತಿನ ಕಾಲಿಗೆ ಸಿಗದ ಮೊಟ್ಟೆ ಫೋಟೋಕ್ಕೆ ಬಲಿಯಾಯಿತು" ಎಂದು ಅವರು ಬರೆದಿದ್ದಾರೆ. ಮಾತು ಚಿಕ್ಕದು, ಆದರೆ ಯೋಚಿಸತಕ್ಕದ್ದು.

ಆ ಹುಡುಗರಿಗೆ ಹಕ್ಕಿಯನ್ನು ಕೊಲ್ಲುವ ಮನಸ್ಸಿರಲಿಲ್ಲ. ಅವರಿಗೆ ತಿಳಿಯದೇ ಇದ್ದದ್ದು ಒಂದೇ. ಬೇಸಗೆಯಲ್ಲಿ ಟಿಟ್ಟಿಭ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲು ಮಾತ್ರವಲ್ಲ, ನೆರಳು ಕೊಡಲು ಕೂಡ. ಎದೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ಅದು ತಂಪು ಮಾಡುತ್ತದೆ. ಮನುಷ್ಯ ಹತ್ತಿರ ಕುಳಿತಷ್ಟು ಹೊತ್ತೂ ತಾಯಿ ದೂರದಲ್ಲಿ ಕೂಗುತ್ತಿರುತ್ತದೆ, ಮೊಟ್ಟೆ ಬಿಸಿಲಿಗೆ ಬೇಯುತ್ತಿರುತ್ತದೆ. ಗಿಡದ ಗೂಡಿನ ಕಥೆಯೂ ಇದೇ. ಫೋಟೋ ಚೆನ್ನಾಗಿ ಬರಲೆಂದು ಅಡ್ಡವಿದ್ದ ಎಲೆ, ಟೊಂಗೆ ಸರಿಸಿದರೆ ಮರಿಗಳ ಮರೆ ಹೋದಂತೆ. ನಾವು ಹೋದ ಮೇಲೆ ಕಾಗೆಯೋ ಹಾವೋ ಉಳಿದ ಕೆಲಸ ಮುಗಿಸುತ್ತದೆ. ಹಿಂದೆ ಹೆಸರಾಂತ ಛಾಯಾಗ್ರಾಹಕರೂ ಗೂಡಿನ ಬಳಿ ಮರೆ ಕಟ್ಟಿ ಚಿತ್ರ ತೆಗೆಯುತ್ತಿದ್ದರು. ಅದರ ಕೆಡುಕು ತಿಳಿದ ಮೇಲೆ ಇಂದು ಅನೇಕ ಸ್ಪರ್ಧೆಗಳು ಗೂಡಿನ ಚಿತ್ರವನ್ನು ತೆಗೆದುಕೊಳ್ಳುವುದೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೂ ಕಾಡುಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಬೇಟೆ ಎಂಬ ಮಾತಿನೊಳಗೇ ಸೇರಿಸಿದೆ.

ಹಾಗೆಂದು ಹುಡುಗರ ಕೈಯಿಂದ ಕ್ಯಾಮೆರಾ ಕಿತ್ತುಕೊಳ್ಳಿರಿ ಎಂದು ನಾವು ಹೇಳುವುದಿಲ್ಲ. ಹಕ್ಕಿ ನೋಡುವುದು ಪೇಟೆಯವರಿಂದ ಬಂದ ವಿದ್ಯೆಯೂ ಅಲ್ಲ. ಜೋಳದ ಹೊಲದಲ್ಲಿ ಮಂಚಿಕೆ ಹತ್ತಿ ಕವಣೆ ಹಿಡಿದು ಕುಳಿತ ಹುಡುಗನಿಗೆ ಯಾವ ಹಕ್ಕಿ ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ ಇಳಿಯುತ್ತದೆಂಬುದು ಬಾಯಿಪಾಠವಾಗಿರುತ್ತಿತ್ತು. ಹಾಲಕ್ಕಿಯ ದನಿ ಕೇಳಿ ಶಕುನ ಹೇಳಿದವರೂ ನಮ್ಮವರೇ. ಮಂಚಿಕೆ ಹೋಯಿತು, ಅದರ ಜೊತೆಗೆ ಆ ಕಣ್ಣೂ ಹೋಗಬಾರದು.

ತಾಳ್ಮೆಯಿಂದ ನೋಡಿದವರಿಗೆ ಹಕ್ಕಿ ಏನೆಲ್ಲ ಕಲಿಸುತ್ತದೆ ಎಂಬುದಕ್ಕೆ ಸಲೀಂ ಅಲಿಯವರೇ ಸಾಕ್ಷಿ. 1930ರ ಮಳೆಗಾಲದಲ್ಲಿ ಅವರು ಮುಂಬಯಿ ಬಳಿಯ ಕಿಹಿಂ ಎಂಬ ಕಡಲತೀರದ ಹಳ್ಳಿಯಲ್ಲಿದ್ದರು. ಅಲ್ಲಿ ಗೀಜಗನ ಗೂಡುಗಳನ್ನು ದಿನದಿನವೂ ಗಮನಿಸಿದರು. ಗಂಡು ಗೂಡನ್ನು ಅರ್ಧ ನೇಯ್ದು ಕಾಯುತ್ತದೆ. ಹೆಣ್ಣು ಬಂದು ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತದೆ. ಅದು ಮೊಟ್ಟೆಗೆ ಕುಳಿತ ಮೇಲೆ ಈ ಗಂಡು ಇನ್ನೊಂದು ಗೂಡಿಗೆ ಕೈ ಹಾಕುತ್ತದೆ. ನಮ್ಮ ಬಾವಿಯ ಮೇಲೆ ಬಾಗಿದ ಮರದಲ್ಲಿ ವರ್ಷವರ್ಷವೂ ನಡೆಯುವ ಸಂಸಾರ ಇದೇ. ನಮ್ಮ ನಾಡಿನಲ್ಲಿಯೇ ಪೂರ್ಣಚಂದ್ರ ತೇಜಸ್ವಿಯವರು (1938-2007) ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡೇ ಹಕ್ಕಿಗಳ ಚಿತ್ರ ತೆಗೆದರು, ಕನ್ನಡದಲ್ಲಿ ಅವುಗಳ ಬಗ್ಗೆ ಪುಸ್ತಕ ಬರೆದರು. ಬೇಸಾಯಕ್ಕೂ ಕ್ಯಾಮೆರಾಕ್ಕೂ ಜಗಳವಿಲ್ಲ.

ಇದರಿಂದ ಒಕ್ಕಲುತನಕ್ಕೆ ಏನು ಬಂತು ಎಂದು ಕೇಳುವವರಿದ್ದಾರೆ. ಗಿಳಿಯ ಹಿಂಡು ಮೆಕ್ಕೆಜೋಳದ ತೆನೆ ಸೀಳುವುದನ್ನೂ, ನವಿಲು ಬಿತ್ತಿದ ಬೀಜ ಕೆದರುವುದನ್ನೂ ಕಂಡವರಿಗೆ ಈ ಪ್ರಶ್ನೆ ಸಹಜ. ಆ ಹಾನಿ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಎಲ್ಲ ಹಕ್ಕಿಯನ್ನೂ ಒಂದೇ ಕವಣೆಯಿಂದ ಹೊಡೆಯುವುದು ನ್ಯಾಯವಲ್ಲ, ಲಾಭವೂ ಅಲ್ಲ. ಕಾಳು ತಿನ್ನುವ ಗೀಜಗ ಕೂಡ ಎಳೆ ಮರಿಗೆ ಉಣಿಸುವುದು ಹುಳುವನ್ನೇ. ಕಾಜಾಣ ಎಮ್ಮೆಯ ಬೆನ್ನ ಮೇಲಿಂದ ಹಾರಿ ಕೀಟ ಹಿಡಿಯುತ್ತದೆ. ನೇಗಿಲ ಹಿಂದೆ ಬರುವ ಬೆಳ್ಳಕ್ಕಿಯನ್ನು ಕೂಲಿ ಕೇಳದ ಆಳು ಎನ್ನಬೇಕು. ಹಾಳು ಗುಡಿಯ ಕಣಜಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಮೂಳೆ ಕೂದಲನ್ನು ಉಂಡೆ ಮಾಡಿ ಉಗುಳುತ್ತದೆ. ಅದು ಕೂರುವ ಜಾಗದ ಕೆಳಗಿನ ಒಂದು ಉಂಡೆ ಬಿಡಿಸಿ ನೋಡಿದರೆ ಅದು ನಮಗೆ ಮಾಡಿದ ಉಪಕಾರ ಕಣ್ಣಿಗೇ ಕಾಣುತ್ತದೆ.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲಿಯೇ ಮೊದಲಿಗೆ ಕಾಣಿಸಿತು. ಅದರ ಹತೋಟಿಗೆ ಕೃಷಿ ತಜ್ಞರು ಹೇಳಿದ ಉಪಾಯಗಳಲ್ಲಿ ಹಕ್ಕಿ ಕೂರುವ ಕೋಲೂ ಒಂದು: ಬಿತ್ತಿದ ಮೊದಲ 30 ದಿನಗಳಲ್ಲಿ ಎಕರೆಗೆ 10 ಅಡ್ಡಗೋಲು ನೆಡುವುದು. ಅದಕ್ಕೆ ತಗಲುವ ಖರ್ಚು ಬೇಲಿಯ ನಾಲ್ಕು ಕಡ್ಡಿ. ತೆನೆ ಕಾಳುಗಟ್ಟುವ ಮುಂಚೆ ಕೋಲು ಕಿತ್ತುಬಿಟ್ಟರೆ ಗಿಳಿಗೆ ಕುರ್ಚಿ ಹಾಕಿಕೊಟ್ಟಂತೆಯೂ ಆಗುವುದಿಲ್ಲ. ಯಾವ ಹಕ್ಕಿ ಕೋಲಿನ ಮೇಲೆ ಕುಳಿತಿತು, ಏನು ಹಿಡಿಯಿತು ಎಂಬುದನ್ನು ನಿಮ್ಮ ಮಗನೋ ಮಗಳೋ ದೂರದಿಂದ ಫೋಟೋ ತೆಗೆದಿಟ್ಟರೆ, ಔಷಧ ಹೊಡೆಯುವ ಮುಂಚೆ ಒಂದು ಮಾತು ಯೋಚಿಸಲು ಅದೇ ಆಧಾರ.

ನೋಡದೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. ಪಕ್ಕದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆಯಿತು. ಆಗ ಅಲ್ಲಿ ಚಿಗರೆಯಷ್ಟೇ ಹೆಸರುವಾಸಿಯಾಗಿದ್ದದ್ದು ಎರೆಭೂತ ಹಕ್ಕಿ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ನೆಲದ ಮೇಲಿಡುವ ಭಾರಿ ಹಕ್ಕಿ ಅದು. ಇಂದು ಅಲ್ಲಿ ಚಿಗರೆ ಇದೆ, ಆ ಹಕ್ಕಿ ಇಲ್ಲ. ನಮ್ಮ ರಾಜ್ಯದ ಹಕ್ಕಿಯಾದ ನೀಲಕಂಠಕ್ಕೂ ಈಗ ಅಂಥದೇ ಸುಳಿವು ಕಾಣುತ್ತಿದೆ. ತಂತಿಯ ಮೇಲೆ ಕುಳಿತು ಮಿಡತೆ ಹಿಡಿಯುವ ಈ ಹಕ್ಕಿ ದೇಶದಲ್ಲಿ ಕಡಿಮೆಯಾಗುತ್ತಿದೆಯೆಂದು 2023ರ ರಾಷ್ಟ್ರೀಯ ಪಕ್ಷಿ ವರದಿ ಹೇಳಿದೆ. ಆ ವರದಿಗೆ ಆಧಾರವಾದದ್ದು ಸುಮಾರು 30 ಸಾವಿರ ಹವ್ಯಾಸಿಗಳು ಬರೆದಿಟ್ಟ ಲೆಕ್ಕ. ಅಂಥ ಲೆಕ್ಕದಲ್ಲಿ ನಮ್ಮ ಹೊಲಗಳದೂ ಸೇರಬೇಡವೆ?

ಆದುದರಿಂದ ನಮ್ಮ ಸೂಚನೆ ಇಷ್ಟೆ. ಗೂಡು ಕಂಡರೆ ಫೋಟೋ ಬೇಡ, ಹಿಂದೆ ಸರಿಯಿರಿ. ಹಕ್ಕಿ ನಮ್ಮನ್ನು ಕಂಡು ಮೇವು ಬಿಟ್ಟಿತೆಂದರೆ ನಾವು ಅತಿ ಹತ್ತಿರ ಹೋಗಿದ್ದೇವೆ ಎಂದು ತಿಳಿಯಿರಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿರಿ. ಎದುರಾಳಿ ಬಂದನೆಂದು ಅದು ವೃಥಾ ದಣಿಯುತ್ತದೆ. ಇಲಿಗೆ ಪಾಷಾಣ ಇಟ್ಟರೆ ಸತ್ತ ಇಲಿಯನ್ನು ಹೂಳಿರಿ; ಬಯಲಲ್ಲಿ ಬಿಟ್ಟರೆ ಅದನ್ನು ತಿಂದ ಗೂಬೆಯೂ ಸಾಯಬಹುದು. ಕಂಡ ಹಕ್ಕಿ, ದಿನಾಂಕ, ಬೆಳೆ, ಅದು ತಿಂದದ್ದು, ಈ ನಾಲ್ಕನ್ನೂ ಒಂದು ವಹಿಯಲ್ಲಿ ಬರೆದು ಆ ವಹಿಯನ್ನು ನಿಮ್ಮೂರ ವಾಚನಾಲಯದ ಮೇಜಿನ ಮೇಲೆ ಇಡಿರಿ. ಶಾಲೆಯ ಗುರುಗಳು ಮಕ್ಕಳಿಂದ ಇದನ್ನು ಮಾಡಿಸಬಹುದು.

ಚಿಕ್ಕೇರೂರಿನ ಆ ರೈತರು ಒಂದು ಮಾತು ಸೇರಿಸಿದ್ದಾರೆ. ಅದೇ ಹುಡುಗರನ್ನು ಕರೆದು ಆದದ್ದನ್ನು ತಿಳಿಸಿ ಹೇಳಿದರಂತೆ. ಮುಂದಿನ ಸಲ ಟಿಟ್ಟಿಭ ಮೊಟ್ಟೆ ಇಟ್ಟರೆ ದಾರಿಯಲ್ಲಿ ನಿಂತು ಬೇರೆಯವರನ್ನು ತಡೆಯುವುದು ತಮ್ಮ ಕೆಲಸವೆಂದು ಅವರು ಒಪ್ಪಿದ್ದಾರೆ. ಬೈಯದೆ ತಿಳಿಸಿದ್ದು ಒಳ್ಳೆಯದಾಯಿತು. ಪ್ರತಿ ಊರಿನಲ್ಲಿಯೂ ಹೀಗೆ ಹೇಳುವ ಒಬ್ಬ ಹಿರಿಯ, ಕೇಳುವ ನಾಲ್ವರು ಹುಡುಗರು ಇದ್ದರೆ ಸಾಕು.