ಹಾಡು ಬೇಕು, ಹಾಡಿದವರ ಹೆಸರು ಬೇಡವೆ?

ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ತಾಲೂಕುಗಳಲ್ಲಿ ಈಗ ಶಾಸ್ತ್ರೀಯ ಸಂಗೀತದ ಬೈಠಕ್ ಎಂದರೆ ವೇದಿಕೆಗೆ ಮೊದಲು ಬರುವುದು ತಂಬೂರಿಯಲ್ಲ, ಮೊಬೈಲ್ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು. ಗವಾಯಿಗಳು ಷಡ್ಜ ಹಚ್ಚುವುದಕ್ಕೆ ಮುಂಚೆಯೇ ‘ಲೈವ್’ ಶುರುವಾಗಿರುತ್ತದೆ. ರಾತ್ರಿ ಭೈರವಿ ಮುಗಿಯಿತೋ, ಬೆಳಿಗ್ಗೆ ಚಹಾ ಕುಡಿಯುವಷ್ಟರಲ್ಲಿ ಇಡೀ ಕಚೇರಿ ಯೂಟ್ಯೂಬಿನಲ್ಲಿ. ಮಂದಿಗೆ ಖುಷಿ, ಸಂಘಟಕರಿಗೂ ಖುಷಿ. ಸಂಗೀತ ನಾಲ್ಕು ಊರಿಗೆ ಮುಟ್ಟಿತಲ್ಲ, ಇದರಲ್ಲಿ ತಕರಾರು ಏನು ಎಂದು ಯಾರಾದರೂ ಕೇಳಬಹುದು.

ತಕರಾರು ಇದೆ ಸ್ವಾಮಿ. ಆ ಮುದ್ರಿಕೆಗಳನ್ನು ಒಂದೊಂದಾಗಿ ತೆರೆದು ನೋಡಿರಿ. ಮಂಡಳದ ಹೆಸರು ದೊಡ್ಡ ಅಕ್ಷರದಲ್ಲಿ. ಅಧ್ಯಕ್ಷರ ಹೆಸರು, ಪ್ರಾಯೋಜಕರ ಹೆಸರು, ಪೆಂಡಾಲ್ ಹಾಕಿಸಿದವರ ಹೆಸರು. ಹಾಡಿದವರ ಹೆಸರು ಎಷ್ಟೋ ಸಲ ತಪ್ಪಾಗಿ. ತಬಲಾ ಯಾರದು? ಪೇಟಿ ಯಾರದು? ಎರಡು ತಾಸು ಬೆನ್ನು ನೆಟ್ಟಗೆ ಮಾಡಿಕೊಂಡು ತಂಬೂರಿ ಮೀಟಿದ ಹುಡುಗಿ ಯಾರು? ಹಾಡಿದ್ದು ಯಾವ ರಾಗ? ಇದರಲ್ಲಿ ಒಂದೂ ಸಿಗುವುದಿಲ್ಲ. ಎಲ್ಲರದೂ ಹೀಗೆಯೇ ಎಂದು ಹೇಳುತ್ತಿಲ್ಲ, ಚೊಕ್ಕವಾಗಿ ಮಾಡುವವರೂ ಇದ್ದಾರೆ. ಆದರೆ ಅಂಥವರು ಕಡಿಮೆ.

ನಮ್ಮ ದೇಶದಲ್ಲಿ ಗ್ರಾಮೊಫೋನ್ ತಟ್ಟೆ ಹುಟ್ಟಿದ್ದು 1902ರಲ್ಲಿ. ಕಲಕತ್ತೆಯಲ್ಲಿ ಗೌಹರ್ ಜಾನ್ ಮೂರು ಚಿಲ್ಲರೆ ನಿಮಿಷದಲ್ಲಿ ರಾಗ ಮುಗಿಸಿ, ಕೊನೆಗೆ ತನ್ನ ಹೆಸರನ್ನು ಇಂಗ್ಲೀಷಿನಲ್ಲಿ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರು. ಅದು ಸೊಕ್ಕಿನ ಮಾತಲ್ಲ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ನಮ್ಮ ಭಾಷೆ ಬಾರದು. ಅವರು ಬೇರೆಯವರ ಚೀಟಿ ಅಂಟಿಸಬಾರದೆಂದು ಈ ವ್ಯವಸ್ಥೆ. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಆಕೆ ತೀರಿಕೊಂಡದ್ದು ಅದೇ ಮೈಸೂರಿನಲ್ಲಿ, 1930ರಲ್ಲಿ. ಹೆಸರು ಮಾತ್ರ ತಟ್ಟೆಯೊಳಗೆ ಇನ್ನೂ ಕೂಗುತ್ತಿದೆ. ಆದರೆ ಆಗ ಪಕ್ಕದಲ್ಲಿ ಕೂತು ತಬಲಾ ನುಡಿಸಿದವರ ಹೆಸರನ್ನು ಯಾರೂ ಕೂಗಲಿಲ್ಲ. ಆ ಲೋಪ ಅಂದಿನಿಂದ ಇಂದಿನವರೆಗೆ ನಡೆದೇ ಬಂದಿದೆ.

ಹೆಸರು ಅಷ್ಟೊಂದು ಮುಖ್ಯವೆ ಎಂದು ಕೇಳುವವರಿಗೆ ನಮ್ಮ ಹುಬ್ಬಳ್ಳಿಯದೇ ಒಂದು ಉದಾಹರಣೆ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಎಚ್.ಎಂ.ವಿ.ಗೆ ಹಾಡಿದ ತಟ್ಟೆಗಳ ಮೇಲೆ ಇರುವುದು ಗಾಂಧಾರಿ, ಹುಬ್ಬಳ್ಳಿ ಎಂಬ ಹೆಸರು. ಇವತ್ತು ಗಂಗೂಬಾಯಿಯವರ ಎಳೆಯ ಕಂಠವನ್ನು ಹುಡುಕುವ ಹುಡುಗ ಈ ಸಂಗತಿ ಗೊತ್ತಿಲ್ಲದಿದ್ದರೆ ಆ ತಟ್ಟೆಯ ಪಕ್ಕದಲ್ಲೇ ಹಾದುಹೋಗುತ್ತಾನೆ. ಅಂಥ ದೊಡ್ಡವರ ಗತಿಯೇ ಹೀಗಾದರೆ ನಮ್ಮ ಹಳಿಯಾಳದ ಪೇಟಿಯವನ ಗತಿ ಏನು?

ಈ ವಿಷಯದಲ್ಲಿ ಧಾರವಾಡ ಆಕಾಶವಾಣಿಯ ಶಿಸ್ತು ನೆನೆಯಬೇಕು. 1950ರಲ್ಲಿ ಶುರುವಾದ ಆ ನಿಲಯದ ದನಿ ಕೇಳಿಯೇ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಪರಿಚಯವಾದದ್ದು. ಗಾಯನಕ್ಕೆ ಮೊದಲು ರಾಗ ಯಾವುದು, ತಬಲಾ ಸಾಥ್ ಯಾರದು, ಹಾರ್ಮೋನಿಯಂ ಯಾರದು ಎಂದು ಉದ್ಘೋಷಕರು ಹೇಳುತ್ತಿದ್ದರು. ಮುಗಿದ ಮೇಲೆ ಇನ್ನೊಮ್ಮೆ ಹೇಳುತ್ತಿದ್ದರು. ಅದಕ್ಕೆ ಹಿಡಿಯುತ್ತಿದ್ದದ್ದು ಅರ್ಧ ನಿಮಿಷ. ಆ ಅರ್ಧ ನಿಮಿಷದಿಂದ ರಾಗದ ಹೆಸರು ಕಲಿತ ಕೇಳುಗರು ಎಷ್ಟು ಮಂದಿಯೋ.

ಮುದ್ರಿಕೆಯ ಮಹಿಮೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಗದಗಿನ ಒಬ್ಬ ಹುಡುಗ ಅಂಗಡಿಯಲ್ಲಿ ಹಚ್ಚಿದ್ದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಅವರೇ ಮುಂದೆ ಭಾರತರತ್ನರಾದ ಭೀಮಸೇನ ಜೋಶಿ. ಖಾನ್ ಸಾಹೇಬರ ಹೆಸರು ಆ ತಟ್ಟೆಯ ಮೇಲೆ ಇತ್ತು. ಹೆಸರು ಇದ್ದದ್ದರಿಂದ ಆ ಪರಂಪರೆ ಯಾವುದು, ಶಿಷ್ಯರು ಯಾರು ಎಂದು ಹುಡುಕಲು ದಾರಿ ಇತ್ತು. ಕಡೆಗೆ ಹುಡುಗ ಕುಂದಗೋಳದಲ್ಲಿ ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಪಾದಕ್ಕೆ ಬಂದು ಬಿದ್ದ. ನಾಳೆ ಜೋಯಿಡಾದ ಯಾವುದೋ ಹುಡುಗಿ ಮೊಬೈಲಿನಲ್ಲಿ ಒಂದು ಯಮನ್ ಕೇಳಿ ಮರುಳಾದರೆ, ಹಾಡಿದವರು ಯಾರು ಎಂದೇ ಅವಳಿಗೆ ತಿಳಿಯದಿದ್ದರೆ, ಅವಳು ಯಾರ ಬಾಗಿಲು ಬಡಿಯಬೇಕು?

ಇನ್ನು ಹೊಟ್ಟೆಯ ಪ್ರಶ್ನೆ. ಕ್ಯಾಸೆಟ್ಟಿನ ಕಾಲದಲ್ಲಿ ಕೊಂಡವರ ಕೈಯಿಂದ ನಾಲ್ಕು ಕಾಸು ಹುಟ್ಟುತ್ತಿತ್ತು. ಈಗ ಕೊಳ್ಳುವವರೇ ಇಲ್ಲ. ಶಾಸ್ತ್ರೀಯ ಕಲಾವಿದನಿಗೆ ಉಳಿದದ್ದು ಕಚೇರಿಯ ಸಂಭಾವನೆ ಮತ್ತು ಪಾಠ. ಸಾಥಿದಾರನ ಕಥೆ ಇನ್ನೂ ಕಠಿಣ. ಅವನಿಗೆ ಮುಂದಿನ ಕರೆ ಬರುವುದು ಹೆಸರಿನಿಂದ. ಮುದ್ರಿಕೆಯನ್ನು ಬೆಳಗಾವಿಯಲ್ಲಿ ಕೇಳಿದವನು ‘ತಬಲಾ ಛಲೋ ಬಾರಿಸ್ಯಾನ, ಯಾರವ?’ ಎಂದು ಕೇಳುತ್ತಾನೆ. ಉತ್ತರ ಸಿಕ್ಕದೆ ಸುಮ್ಮನಾಗುತ್ತಾನೆ. ಒಂದು ಹೆಸರು ಬರೆಯದೆ ಬಿಟ್ಟಿದ್ದರಿಂದ ಒಬ್ಬನ ಒಂದು ಕಚೇರಿ ಹೋಯಿತು.

‘ನಾವೇನು ದುಡ್ಡು ಮಾಡುತ್ತೇವೆಯೇ? ಅವರಿಗೇ ಪ್ರಚಾರ’ ಎನ್ನುವುದು ಸಂಘಟಕರ ಮಾಮೂಲಿ ಉತ್ತರ. ಅವರ ಕಷ್ಟ ಗೊತ್ತಿದೆ. ವಂತಿಗೆ ಎತ್ತಿ, ಮನೆಯಲ್ಲಿ ಬೈಸಿಕೊಂಡು ಸಂಗೀತ ಮಾಡಿಸುವವರು ಅವರು. ರಸಿಕರು ಮನೆಯ ಬೈಠಕ್ಕುಗಳಲ್ಲಿ ಸ್ಪೂಲ್ ಟೇಪ್ ಮಾಡಿ ಇಟ್ಟುಕೊಂಡದ್ದರಿಂದಲೇ ಹಳೆಯ ಗವಾಯಿಗಳ ಎಷ್ಟೋ ಹಾಡಿಕೆ ಉಳಿದಿದೆ, ಅದೂ ನಿಜ. ಆದರೆ ಮನೆಯಲ್ಲಿ ಇಟ್ಟುಕೊಂಡು ಕೇಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ಹೆಸರಿಲ್ಲದ ಪ್ರಚಾರ ಯಾರಿಗೆ ಪ್ರಚಾರ?

ಕಾಯ್ದೆಯೂ ಇದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿಯಾಗಿ ಹಾಡುವವರಿಗೆ, ನುಡಿಸುವವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಬಂತು. ಈಗ ಅದರ ಅವಧಿ 50 ವರ್ಷ. ಸ್ವಂತಕ್ಕೆ, ಪಾಠಕ್ಕೆ ಮುದ್ರಿಸಿಕೊಂಡರೆ ಅಡ್ಡಿ ಇಲ್ಲ. ಸಾರ್ವಜನಿಕವಾಗಿ ಹರಿಬಿಡಲು ಒಪ್ಪಿಗೆ ಬೇಕು. 2012ರ ತಿದ್ದುಪಡಿಯಲ್ಲಿ 38ಬಿ ಎಂಬ ಕಲಂ ಸೇರಿತು. ಅದರ ಪ್ರಕಾರ ಪ್ರದರ್ಶನ ಮಾಡಿದವನಿಗೆ ತನ್ನ ಹೆಸರು ಹೇಳಿರೆಂದು ಕೇಳುವ ಹಕ್ಕು ಉಂಟು. ಗವಾಯಿಗೆ ಒಂದು ಕಾಯ್ದೆ, ತಬಲಾದವನಿಗೆ ಒಂದು ಕಾಯ್ದೆ ಎಂದೇನಿಲ್ಲ. ನಮ್ಮ ಕಲಾವಿದರು ಕೋರ್ಟಿಗೆ ಹೋಗುವವರಲ್ಲ ಎಂಬ ಧೈರ್ಯದ ಮೇಲೆ ನಾವು ನಡೆದಿದ್ದೇವೆ ಅಷ್ಟೇ.

ಮುಂಡಗೋಡದ ಲಾಮಾಗಳನ್ನು ನೋಡಿ ಕಲಿಯುವುದು ಇದೆ. ಟಿಬೆಟಿಯನ್ ಕಾಲನಿ 1966ರಲ್ಲಿ ಕಾಡಿನ ಅಂಚಿಗೆ ನೆಲೆಯೂರಿತು. ಅಲ್ಲಿಯ ಡ್ರೆಪುಂಗ್ ಲೋಸೆಲಿಂಗ್ ಮಠದ ಭಿಕ್ಷುಗಳು ಒಂದೇ ಗಂಟಲಿನಿಂದ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಸ್ವರ ಹೊರಡಿಸುವ ಮಂತ್ರಪಠಣಕ್ಕೆ ಹೆಸರಾದವರು. ಅಮೆರಿಕೆಯ ಊರೂರು ಸುತ್ತಿದ್ದಾರೆ, ಅವರ ಮುದ್ರಿಕೆಗಳು ಅಲ್ಲಿ ಮಾರಾಟಕ್ಕೆ ಬಂದಿವೆ. ಆ ಮುದ್ರಿಕೆಗಳ ಮೇಲೆ ಮಠದ ಹೆಸರು ಸ್ಪಷ್ಟವಾಗಿದೆ. ಅಂಥ ಪ್ರವಾಸಗಳ ಒಂದು ಉದ್ದೇಶವೇ ಇಲ್ಲಿಯ ಮಠಕ್ಕೆ, ನಿರಾಶ್ರಿತರಿಗೆ ನೆರವು ಕೂಡಿಸುವುದು. ತಮ್ಮ ದನಿಗೆ ಬೆಲೆ ಇದೆಯೆಂದು ಅವರಿಗೆ ಗೊತ್ತು. ನಮ್ಮವರಿಗೆ ಯಾಕೆ ಗೊತ್ತಿಲ್ಲ?

ಹಾಗೆ ನೋಡಿದರೆ ಸಿದ್ದಿಗಳ ದಮಾಮಿಗೂ ಇದೇ ನ್ಯಾಯ ಸಲ್ಲಬೇಕು. ಅದು ಶಾಸ್ತ್ರೀಯವಲ್ಲ ಎಂದು ಪಂಡಿತರು ಮೂಗು ಮುರಿಯಬಹುದು. ಆದರೆ ಪ್ರವಾಸಿಗರು ಚಿತ್ರ ಹಿಡಿದು ಒಯ್ಯುವಾಗ ಹಾಕುವುದು ‘ಸಿದ್ದಿ ಡ್ಯಾನ್ಸ್’ ಎಂದಷ್ಟೇ. ದಮಾಮು ಬಾರಿಸಿದವನಿಗೆ ಅಪ್ಪ ಅವ್ವ ಇಟ್ಟ ಹೆಸರು ಒಂದು ಇದೆಯಲ್ಲ!

ಕೇಳುವುದು ಬಹಳವಲ್ಲ. ಕಚೇರಿಗೆ ಮೊದಲು ಕಲಾವಿದರನ್ನು ಕೇಳಿ, ಒಂದು ಚೀಟಿಯ ಮೇಲೆ ಒಪ್ಪಿಗೆ ಬರೆಸಿಕೊಳ್ಳಿರಿ. ಬೇಡವೆಂದರೆ ಮುದ್ರಿಸಬೇಡಿರಿ. ಮುದ್ರಿಸಿದರೆ ರಾಗ, ತಾಳ, ಹಾಡಿದವರು, ಸಾಥಿದಾರರು, ತಂಬೂರಿಯವರು, ಊರು, ತಾರೀಖು ಇಷ್ಟನ್ನು ಬರೆಯಿರಿ. ಮುದ್ರಿಕೆಯಿಂದ ಹಣ ಬಂದರೆ ಪಾಲು ಕೊಡಿರಿ. ಒಂದು ಪ್ರತಿಯನ್ನು ತಾಲೂಕಿನ ಗ್ರಂಥಾಲಯಕ್ಕೆ ಕೊಡಿರಿ. ಅಲ್ಲಿ ಒಂದು ಕಂಪ್ಯೂಟರು, ಎರಡು ಹೆಡ್‌ಫೋನು ಇಟ್ಟರೆ ಶಾಲೆಯ ಮಕ್ಕಳು ಬಂದು ಕೇಳುತ್ತಾರೆ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿಗಳಿಗೆ ಇದು ಒಂದು ಸ್ವಾಗತ ಕಮಾನಿನ ಖರ್ಚೂ ಅಲ್ಲ.

ಪಕ್ಕದ ಯಲ್ಲಾಪುರ ತಾಲೂಕಿನ ಹಾಸಣಗಿಯೆಂಬ ಹಳ್ಳಿಯಲ್ಲಿದ್ದುಕೊಂಡೇ ರಾಜಗುರುಗಳ ಶಿಷ್ಯ ಪಂಡಿತ ಗಣಪತಿ ಭಟ್ಟರು ದೇಶದ ದೊಡ್ಡ ವೇದಿಕೆಗಳಲ್ಲಿ ಹಾಡಿದ್ದಾರೆ. ಅವರ ಹೆಸರಿನ ಜೊತೆಗೆ ಹಾಸಣಗಿಯ ಹೆಸರೂ ಹೋಗಿದೆ. ನಮ್ಮ ನಾಲ್ಕು ತಾಲೂಕುಗಳ ಹೆಸರೂ ಹಾಗೆ ಹೋಗಬೇಕಾದರೆ ಮೊದಲು ನಮ್ಮ ಕಲಾವಿದರ ಹೆಸರನ್ನು ನಾವು ಬರೆಯಬೇಕು. ಮುಂದಿನ ಗಣೇಶೋತ್ಸವ, ನವರಾತ್ರಿಯ ಕಚೇರಿಗಳಿಂದಲೇ ಇದು ಶುರುವಾಗಲಿ. ಸಂಗೀತ ಕೇಳುವ ಕಿವಿ ಇರುವ ಸಂಘಟಕರಿಗೆ ಈ ಮಾತೂ ಕೇಳಿಸೀತೆಂದು ನಂಬೋಣವೆ?